ಬಂಗುಡೆ ತಿಂದವರಿಗೆ ತುರಿಕೆ ಏಕೆ?

ಕಳೆದ ಬಾರಿ ಕಾಸರಗೋಡಿನ ಸಹಭೋಜನದಲ್ಲಿ ಬಂಗುಡೆ ಸಾರು ಉಂಡ ಕೆಲವರಿಗೆ ಅರ್ಧ ಗಂಟೆಯಲ್ಲೇ ಮುಖ ಕೆಂಪೇರಿ, ಮೈ ತುರಿಸಿ, ತಲೆನೋವು ಬಂದಿತ್ತು. ನಾವು ಅಡುಗೆಯವರನ್ನು ದೂರಿದೆವು. ತಪ್ಪು ಅವರದಲ್ಲವೆಂದು ಆಮೇಲೆ ವೈದ್ಯರಿಂದ ತಿಳಿಯಿತು.

ಬಂಗುಡೆ, ಬೂತಾಯಿಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳ. ಹಿಡಿದ ಮೀನು ಮಂಜುಗಡ್ಡೆಯಿಲ್ಲದೆ ಬಿಸಿಲಲ್ಲಿ ಉಳಿದರೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಅಲರ್ಜಿಯಾದಾಗ ನಮ್ಮ ದೇಹ ಹೊರಬಿಡುವ ವಸ್ತುವೂ ಇದೇ. ಅದಕ್ಕೇ ಲಕ್ಷಣಗಳೂ ಅವೇ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಹಿಸ್ಟಮಿನ್ ಹೋಗುವುದಿಲ್ಲ. ಹುಳಿ, ಖಾರ ಎಷ್ಟು ಅರೆದು ಹಾಕಿದರೂ ಅಷ್ಟೇ! ಮೂಸಿ ನೋಡಿದರೂ ಎಷ್ಟೋ ಸಲ ಗೊತ್ತಾಗದು.

ಈ ಬಾರಿ ಮೀನು ತರುವ ಸದಸ್ಯರು ದಯವಿಟ್ಟು ದಕ್ಕೆಯಿಂದಲೇ ಮಂಜುಗಡ್ಡೆಯಲ್ಲಿಟ್ಟು ತರಬೇಕು. ಮನೆಯಲ್ಲಿಡುವುದಾದರೆ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ. ಊಟದ ನಂತರ ಯಾರಿಗಾದರೂ ಉಸಿರು ಕಟ್ಟಿದಂತಾದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.