ಮೆಣಸಿನಕಾಯಿಗೆ ಆ ಹೆಸರು ಬಂದುದು ಹೇಗೆ?

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಎರೆಭೂಮಿಯಲ್ಲಿ ಮೆಣಸಿನಕಾಯಿಯು ಒಂದು ಮುಖ್ಯ ಬೆಳೆ. ಕಣದ ತುಂಬ ಒಣಹಾಕಿದ ಕೆಂಪು ರಾಶಿಯನ್ನು ಕಂಡವರಿಗೆ ಈ ಗಿಡವು ಅನಾದಿಯಿಂದಲೂ ಇಲ್ಲಿಯದೇ ಎಂದು ತೋರುವುದು ಸಹಜ. ಆದರೆ 12ನೆಯ ಶತಮಾನದಲ್ಲಿ ಕುರುಗೋಡಿನಿಂದ ಆಳಿದ ಸಿಂದ ಮನೆತನದವರು ಇದರ ರುಚಿಯನ್ನೇ ಅರಿಯರು! ಇದರ ತವರು ಅಮೆರಿಕ ಖಂಡ. 1492ರಲ್ಲಿ ಕೊಲಂಬಸನು ಅತ್ತ ಹೋದ ತರುವಾಯ, 16ನೆಯ ಶತಮಾನದಲ್ಲಿ, ಪೋರ್ಚುಗೀಸರ ಮೂಲಕ ಇದು ನಮ್ಮ ನಾಡಿಗೆ ಬಂದಿತು.

ಹಾಗಾದರೆ ಈ ಹೊಸ ಕಾಯಿಗೆ ಹೆಸರು ಎಲ್ಲಿಂದ ಬಂದಿತು? ನಮ್ಮ ಹಿರಿಯರು ಹಳೆಯ ಮಾತನ್ನೇ ಅದಕ್ಕೆ ತೊಡಿಸಿದರು. 'ಮೆಣಸು' ಎಂದರೆ ಮೊದಲು ಸಹ್ಯಾದ್ರಿಯ ಬಳ್ಳಿಯ ಕಾಳು ಮಾತ್ರ. ಅದರಂತೆ ಖಾರವಾದ ಕಾಯಿಯು 'ಮೆಣಸಿನಕಾಯಿ' ಆಯಿತು. ತೆಲುಗಿನ 'ಮಿರಪಕಾಯ', ತಮಿಳಿನ 'ಮಿಳಗಾಯ್' ಎಂಬವೂ ಹೀಗೆಯೇ ಹುಟ್ಟಿದವು. ಹಿಂದಿಯ 'ಮಿರ್ಚ್' ಸಂಸ್ಕೃತದ 'ಮರಿಚ'ದಿಂದ ಬಂದಿದೆ. ಅದೂ ಕಾಳಿನ ಹೆಸರೇ. ಹೊಸಬನ ಬಳಕೆ ಹೆಚ್ಚಿದಂತೆ ಹಳಬನೇ ವಿಶೇಷಣವನ್ನು ಹೊತ್ತು 'ಕಾಳುಮೆಣಸು', 'ಕರಿಮೆಣಸು' ಎನಿಸಿಕೊಳ್ಳಬೇಕಾಯಿತು.

ದೂರದ ಐಸ್‌ಲೆಂಡಿನಲ್ಲಿ ದೊಣ್ಣೆಮೆಣಸಿನಕಾಯಿಯನ್ನು 'ಪಾಪ್ರಿಕಾ' ಎನ್ನುವರು. ಹಂಗೇರಿ ಭಾಷೆಯಿಂದ ಯುರೋಪಿನಲ್ಲೆಲ್ಲ ಹರಡಿದ ಈ ಮಾತಿನ ಜಾಡನ್ನು ಹಿಡಿದು ಹೋದರೆ ಲ್ಯಾಟಿನ್ನಿನ 'ಪಿಪೆರ್', ಗ್ರೀಕಿನ 'ಪೆಪೆರಿ', ಕೊನೆಗೆ ಭಾರತದ 'ಪಿಪ್ಪಲಿ' ದೊರೆಯುತ್ತವೆ. ಪಿಪ್ಪಲಿಯೇ ಕನ್ನಡದಲ್ಲಿ, ಪಕಾರವು ಹಕಾರವಾಗಿ, 'ಹಿಪ್ಪಲಿ'. ಗ್ರಂಧಿಗೆ ಅಂಗಡಿಯಲ್ಲಿ ಇಂದಿಗೂ ಸಿಗುವ ಈ ವಸ್ತುವಿನ ಹೆಸರೇ ರೂಪಾಂತರ ಹೊಂದಿ, ಅಮೆರಿಕದ ಕಾಯಿಯನ್ನೇರಿ, ಐಸ್‌ಲೆಂಡನ್ನು ಮುಟ್ಟಿದೆ.

ಸಸ್ಯಶಾಸ್ತ್ರದ ದೃಷ್ಟಿಯಿಂದ ಇವು ದಾಯಾದಿಗಳಲ್ಲ. ಮೆಣಸಿನಕಾಯಿಯು ಬದನೆ, ಟೊಮೇಟೊಗಳ ಕುಟುಂಬಕ್ಕೆ ಸೇರಿದ್ದು. ಕಾಳುಮೆಣಸು ಹಿಪ್ಪಲಿ, ವೀಳ್ಯದೆಲೆಗಳ ಬಂಧು. ಆದರೂ ಹೆಸರಿಟ್ಟವರ ನಾಲಗೆ ಸುಳ್ಳಾಡಲಿಲ್ಲ. ಕಾಯಿಯ ಕ್ಯಾಪ್ಸೈಸಿನ್, ಕಾಳಿನ ಪೈಪರಿನ್ ಎಂಬ ಬೇರೆ ಬೇರೆ ರಾಸಾಯನಿಕಗಳೆರಡೂ ನಮ್ಮ ನರಗಳಲ್ಲಿನ ಒಂದೇ ಗ್ರಾಹಕವನ್ನು ಕೆರಳಿಸುತ್ತವೆ. ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗೆ ಮೀರಿದ ಬಿಸಿಗೆ ಎಚ್ಚರಗೊಳ್ಳುವುದೂ ಅದೇ ಗ್ರಾಹಕ. ಆದುದರಿಂದಲೇ ಖಾರವು 'ಉರಿ'ಯುತ್ತದೆ. 1997ರಲ್ಲಿ ಇದನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರು 2021ರ ನೊಬೆಲ್ ಪಾರಿತೋಷಕಕ್ಕೆ ಭಾಗಿಗಳಾದರು.

ಇನ್ನು ಮುಂದೆ ಹಳಗನ್ನಡ ಕಾವ್ಯದಲ್ಲಿ 'ಮೆಣಸು' ಎಂದು ಕಂಡಾಗ ವಿದ್ಯಾರ್ಥಿಗಳು ಕೆಂಪು ಕಾಯಿಯನ್ನಲ್ಲ, ಕರಿಯ ಕಾಳನ್ನೇ ನೆನೆಯಬೇಕು. ಪದಾರ್ಥವು ಬದಲಾದರೂ ಪದವು ಉಳಿಯುತ್ತದೆ. ಪದದ ವಯಸ್ಸಿನಿಂದ ಪದಾರ್ಥದ ವಯಸ್ಸನ್ನು ಎಣಿಸಲಾಗದು.