ಕುಕ್ಕರ್ ಆಫ್ ಮಾಡಿ, ಮೈಕ್ ಆನ್ ಮಾಡಿ!

'ಅಯ್ಯೋ, ನನ್ನ ದನಿ ಇಷ್ಟು ಕೀರಲಾ?' ಮೊದಲ ಸಲ ತಮ್ಮ ಮಾತನ್ನು ರೆಕಾರ್ಡ್ ಮಾಡಿ ಕೇಳಿದ ಬಹಳಷ್ಟು ಜನ ಹೇಳೋದು ಇದನ್ನೇ. ಗಾಬರಿ ಬೇಡ. ಮಾತಾಡುವಾಗ ನಮ್ಮ ದನಿ ಗಾಳಿಯಲ್ಲಿ ಮಾತ್ರವಲ್ಲ, ತಲೆಬುರುಡೆಯ ಮೂಳೆಯ ಮೂಲಕವೂ ನಮ್ಮ ಕಿವಿಗೆ ಬರುತ್ತದೆ. ಅದಕ್ಕೇ ನಮಗೆ ಅದು ತುಂಬಿದಂತೆ ಕೇಳೋದು. ಬೇರೆಯವರಿಗೆ ನಿಮ್ಮ ದನಿ ಯಾವತ್ತೂ ಮೈಕಿನಲ್ಲಿ ಬಂದ ಹಾಗೇ ಕೇಳಿಸಿದೆ. ಅವರೇನೂ ದೂರಿಲ್ಲ ತಾನೇ?

ಪಾಡ್‌ಕಾಸ್ಟ್ ಅಂದರೆ ನಮ್ಮ ರೇಡಿಯೋ ಕಾರ್ಯಕ್ರಮದ ತಂಗಿ. ಕೇಳುವವರು ಬೇಕೆಂದಾಗ ಕೇಳಬಹುದು, ಅಷ್ಟೇ ವ್ಯತ್ಯಾಸ. ಅಡುಗೆ, ಮಕ್ಕಳ ಕಥೆ, ಹಸೆ ಹಾಡು, ನಿಮಗೆ ಗೊತ್ತಿರೋದೇ ಸಾಕು. ಮನೆಯಲ್ಲಿರೋ ಲ್ಯಾಪ್‌ಟಾಪು, ಒಂದು ಯುಎಸ್‌ಬಿ ಮೈಕು ಇದ್ದರಾಯಿತು. ದನಿಯನ್ನು ಅಂಕಿಗಳಾಗಿ ಬದಲಿಸುವ ಚಿಪ್ ಈ ಮೈಕಿನೊಳಗೇ ಇರುತ್ತೆ, ಬೇರೆ ಪೆಟ್ಟಿಗೆ ಕೊಳ್ಳಬೇಕಿಲ್ಲ. ಜೊತೆಗೆ ಆಡಾಸಿಟಿ ತಂತ್ರಾಂಶ ಹಾಕಿಕೊಳ್ಳಿ. 2000ದಲ್ಲಿ ಬಿಡುಗಡೆಯಾದ ಇದು ಇಂದಿಗೂ ಉಚಿತ.

ಇನ್ನು ಜಾಗ. ಹಾಲ್ ಬೇಡವೇ ಬೇಡ. ಗ್ರಾನೈಟ್ ನೆಲ, ಬರಿಗೋಡೆ, ಗಾಜಿನ ಶೋಕೇಸ್, ಎಲ್ಲಕ್ಕೂ ದನಿ ಬಡಿದು ವಾಪಸು ಬಂದು, ಬಾವಿಯೊಳಗಿಂದ ಮಾತಾಡಿದಂತಿರುತ್ತೆ. ಮಲಗುವ ಕೋಣೆಯೇ ವಾಸಿ. ಹಾಸಿಗೆ, ದಿಂಬು, ದಪ್ಪ ಪರದೆಗಳು ದನಿಯನ್ನು ಹೀರಿಕೊಳ್ಳುತ್ತವೆ. ಬೀರುವಿನ ಬಾಗಿಲು ತೆರೆದಿಟ್ಟು ಸೀರೆಗಳ ಕಡೆ ಮುಖ ಮಾಡಿ ಕೂತುಕೊಳ್ಳಿ, ಬೆನ್ನ ಹಿಂದೆ ಒಂದು ರಜಾಯಿ ತೂಗುಹಾಕಿ. 'ಇಷ್ಟೊಂದು ಸೀರೆ ಯಾಕೆ' ಅನ್ನೋ ಯಜಮಾನರಿಗೆ ಕೊನೆಗೂ ಒಂದು ಉತ್ತರ ಸಿಕ್ಕಿತು! ಫ್ಯಾನ್ ಆಫ್ ಮಾಡಿ. ಲ್ಯಾಪ್‌ಟಾಪಿನೊಳಗೂ ಒಂದು ಫ್ಯಾನ್ ಇರುತ್ತಲ್ಲ, ಮೈಕನ್ನು ಅದರಿಂದ ದೂರ, ಬೇರೆ ಸ್ಟೂಲಿನ ಮೇಲೆ ಮಡಚಿದ ಟವೆಲ್ ಹಾಕಿ ಇಡಿ.

ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿರಲಿ. ಸ್ವಲ್ಪ ಓರೆಯಾಗಿಟ್ಟರೆ 'ಪ', 'ಭ' ಅನ್ನುವಾಗಿನ ಗಾಳಿಯ ಹೊಡೆತ ತಪ್ಪುತ್ತೆ. ಹಾಂ, ಕೆಲವು ಮೈಕುಗಳಿಗೆ ತುದಿಯಲ್ಲಲ್ಲ, ಪಕ್ಕದಲ್ಲಿ ಮಾತಾಡಬೇಕು, ನೋಡಿಕೊಳ್ಳಿ. ದನಿಯ ಮಟ್ಟ ತೋರಿಸುವ ಪಟ್ಟಿ, ನೀವು ಜೋರಾಗಿ ಮಾತಾಡಿದಾಗ, ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ಒಳಗಿರಲಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತೆ. ಒಡೆದ ಹಾಲಿನ ಹಾಗೇ ಅದು, ಸರಿಮಾಡೋದು ಕಷ್ಟ.

ಈಗ ನನ್ನ ಪೆದ್ದುತನ ಹೇಳ್ತೀನಿ. ನಮ್ಮತ್ತೆಗೆ ಆಗ ಎಂಬತ್ತೊಂದು. ಅವರ ತವರಿನ ಹಾಡುಗಳನ್ನು ಉಳಿಸಿಕೊಳ್ಳೋಣ ಅಂತ ಮೈಕ್ ಚುಚ್ಚಿ ಮುಂದೆ ಕೂರಿಸಿದೆ. ಸೆಕೆ ಅಂದರು, ಫ್ಯಾನೂ ಹಾಕಿದೆ. ಪಾಪ, ಮುಕ್ಕಾಲು ಗಂಟೆ ಹಾಡಿದರು. ಆಮೇಲೆ ಕೇಳಿದರೆ ಬರೀ ಫ್ಯಾನಿನ ಗುಂಯ್ ಸದ್ದು, ದೂರದಲ್ಲೆಲ್ಲೋ ಅತ್ತೆ! ಮೈಕ್ ಚುಚ್ಚಿದ್ದೆ ನಿಜ, ಆಡಾಸಿಟಿಯಲ್ಲಿ ಅದನ್ನು ಆರಿಸಿರಲೇ ಇಲ್ಲ. ರೆಕಾರ್ಡ್ ಮಾಡಿದ್ದು ಲ್ಯಾಪ್‌ಟಾಪಿನ ಪುಟಾಣಿ ಮೈಕು. ವಾರ ಬಿಟ್ಟು ಮತ್ತೆ ಕೂರಿಸಿದಾಗ, ಆರತಿ ಹಾಡಿನ ನಡುವಿನ ಎರಡು ನುಡಿ ಅವರಿಗೆ ನೆನಪಿಗೇ ಬರಲಿಲ್ಲ. 'ಅವತ್ತು ಹೇಳಿದ್ನಲ್ಲೇ' ಅಂದರು.

ಹಾಗಾಗಿ ಶುರು ಮಾಡುವ ಮುಂಚೆ ಆಡಿಯೋ ಸೆಟಪ್‌ನಲ್ಲಿ 'ರೆಕಾರ್ಡಿಂಗ್ ಡಿವೈಸ್' ಇರುವಲ್ಲಿ ನಿಮ್ಮ ಯುಎಸ್‌ಬಿ ಮೈಕಿನ ಹೆಸರೇ ಇದೆಯಾ ನೋಡಿ. ಮೈಕನ್ನು ಉಗುರಿನಿಂದ ಮೆಲ್ಲಗೆ ಗೀರಿ. ಪಟ್ಟಿ ಜಿಗಿದರೆ ಸರಿ. ಹತ್ತು ಸೆಕೆಂಡ್ ಮಾತಾಡಿ, ಇಯರ್‌ಫೋನ್ ಹಾಕಿಕೊಂಡು ಕೇಳಿ. ಆಮೇಲೇ ಹಿರಿಯರನ್ನು ಕರೆಯಿರಿ.

ಐದು ಸೆಕೆಂಡ್ ಸುಮ್ಮನಿದ್ದು ಮಾತು ಶುರು ಮಾಡಿ. ಆ ಮೌನವನ್ನು ಆರಿಸಿ 'ನಾಯ್ಸ್ ರಿಡಕ್ಷನ್'ಗೆ ಕೊಟ್ಟರೆ, ಅದರಲ್ಲಿರುವ ಗುಂಯ್ ಸದ್ದನ್ನು ಗುರುತಿಟ್ಟುಕೊಂಡು ಉಳಿದೆಡೆಯೂ ತಗ್ಗಿಸುತ್ತೆ. ಅತಿ ಮಾಡಿದರೆ ದನಿ ನೀರೊಳಗಿಂದ ಬಂದಂತಾಗುತ್ತೆ, ಹುಷಾರು. ಮೂಲವನ್ನು ವೇವ್ ಫೈಲಾಗಿ ಎತ್ತಿಟ್ಟು, ಹಂಚಲು ಎಂಪಿ3 ಮಾಡಿಕೊಳ್ಳಿ. ಸ್ಪಾಟಿಫೈ ಫಾರ್ ಕ್ರಿಯೇಟರ್ಸ್‌ನಲ್ಲಿ ದುಡ್ಡಿಲ್ಲದೆ ಏರಿಸಬಹುದು. ಆದರೆ ಮನೆಯವರ ದನಿಯಾದರೆ ಮೊದಲು ಅವರನ್ನು ಕೇಳಿ. ನಮ್ಮತ್ತೆ ಒಪ್ಪಿದರು, 'ಆ ಕೆಮ್ಮಿದ್ದು ತೆಗೀ' ಅಂದರು, ತೆಗೆದೆ. ನೆನಪಿಗೆ ಬಾರದ ಎರಡು ನುಡಿಗಳನ್ನು ಹಳೆಯ ರೆಕಾರ್ಡಿಂಗಿನಿಂದಲೇ ಕತ್ತರಿಸಿ, ಗುಂಯ್ ಸದ್ದು ತಗ್ಗಿಸಿ, ಹೊಸ ಹಾಡಿನ ನಡುವೆ ಸೇರಿಸಿದ್ದೀನಿ. ಅಲ್ಲಿಗೆ ಬಂದಾಗ ಮಾತ್ರ ಅತ್ತೆ ಡಬ್ಬಿಯೊಳಗೆ ಕೂತು ಹಾಡಿದ ಹಾಗೆ ಕೇಳುತ್ತೆ.