ಬೇಡದ ತಿದ್ದುಪಡಿ

ನಮ್ಮ ಸಂವಿಧಾನದ 19ನೆಯ ಅನುಚ್ಛೇದವನ್ನು ಉಲ್ಲೇಖಿಸಿ, ವಕೀಲರ ಗುಮಾಸ್ತನೊಬ್ಬ ಗಣಕಯಂತ್ರದಲ್ಲಿ ಇಂಗ್ಲಿಷ್ ಅರ್ಜಿಯೊಂದನ್ನು ಸಿದ್ಧಪಡಿಸುತ್ತಿದ್ದಾನೆಂದು ಭಾವಿಸೋಣ. ಸಂಘಗಳನ್ನು ಕಟ್ಟುವ ಹಕ್ಕನ್ನು ಹೇಳುವ ಭಾಗಕ್ಕೆ ಅಲ್ಲಿ ಆವರಣದೊಳಗಿನ ‘ಸಿ’ ಅಕ್ಷರವೇ ಗುರುತು. ಆತ ಆವರಣವನ್ನು ಮುಚ್ಚಿದೊಡನೆಯೇ ಆ ಗುರುತು ಮಾಯವಾಗಿ, ವೃತ್ತದೊಳಗಿನ ‘ಸಿ’, ಅಂದರೆ ಗ್ರಂಥಸ್ವಾಮ್ಯದ ಚಿಹ್ನೆ, ಅದರ ಸ್ಥಾನದಲ್ಲಿ ಬಂದು ಕೂರುತ್ತದೆ. ಬರೆದವನ ಕೈ ತಪ್ಪಿಲ್ಲ. ಬರೆಸಿಕೊಂಡ ಯಂತ್ರ ತಿದ್ದಿದೆ.

ಹೀಗೇಕಾಗುತ್ತದೆ? ‘ವರ್ಡ್’ ಎಂಬ ಬರವಣಿಗೆಯ ತಂತ್ರಾಂಶದ 1993ರ ಆವೃತ್ತಿಯಲ್ಲಿ ತಾನೇ ತಿದ್ದುವ ಸೌಕರ್ಯವೊಂದು ಸೇರಿತು. ಅವಸರದಲ್ಲಿ ಅದಲುಬದಲಾದ ಅಕ್ಷರಗಳನ್ನು ಸರಿಪಡಿಸುವುದು ಅದರ ಕೆಲಸ. ಅದರ ಬಳಿಯಿರುವುದು ಒಂದು ಪಟ್ಟಿ: ‘ಇದು ಕಂಡರೆ ಅದನ್ನು ಹಾಕು’ ಎಂಬಷ್ಟೇ ಅಪ್ಪಣೆ. ಮುಂದಿರುವುದು ಕಾನೂನಿನ ಉಲ್ಲೇಖವೋ, ಪುಸ್ತಕದ ಹಕ್ಕುಪುಟವೋ ಎಂಬ ವಿವೇಚನೆ ಆ ಪಟ್ಟಿಗಿಲ್ಲ.

ಅಕ್ಷರದ ತಿದ್ದುಪಡಿಯಾದರೂ ಕಣ್ಣಿಗೆ ಬೀಳುತ್ತದೆ. ಅಂಕೆಗಳ ವಿಷಯ ಇನ್ನೂ ಸೂಕ್ಷ್ಮವಾದುದು. ಸಾಲಿನ ಮೊದಲಲ್ಲಿ 1 ಎಂದು ಬರೆದು, ಚುಕ್ಕೆಯಿಟ್ಟು, ತೆರಪು ಬಿಟ್ಟರೆ ಯಂತ್ರ ಅದನ್ನು ಪಟ್ಟಿಯೆಂದು ಊಹಿಸುತ್ತದೆ. ಅಲ್ಲಿಂದಾಚೆಗೆ ಆ ಅಂಕೆ ನಾವು ಬರೆದದ್ದಲ್ಲ, ಯಂತ್ರ ಎಣಿಸಿ ಇಟ್ಟದ್ದು. ಕರಾರುಪತ್ರದ 4ನೆಯ ಷರತ್ತನ್ನು ತೆಗೆದುಹಾಕಿದರೆ 5ನೆಯದು ಸದ್ದಿಲ್ಲದೆ 4 ಆಗುತ್ತದೆ. ಆದರೆ ‘5ನೆಯ ಷರತ್ತಿನಲ್ಲಿ ಹೇಳಿರುವಂತೆ’ ಎಂದು ಬೇರೊಂದೆಡೆ ನಾವೇ ಬರೆದ ಮಾತು ಹಾಗೆಯೇ ಉಳಿದು, ಬೇರೆ ಷರತ್ತಿನತ್ತ ಬೆರಳು ತೋರುತ್ತದೆ. ಬಾಡಿಗೆಯ ಬಗೆಗಿನ ಮಾತು ದುರಸ್ತಿಯ ಬಗೆಗಿನದಾಗಲು ಇಷ್ಟೇ ಸಾಕು.

ಪರಿಹಾರ ಕಷ್ಟವಲ್ಲ. ಯಂತ್ರ ತಿದ್ದಿದ ಕ್ಷಣದಲ್ಲೇ ‘ಕಂಟ್ರೋಲ್’ ಕೀಲಿಯನ್ನು ಒತ್ತಿಹಿಡಿದು ‘ಝಡ್’ ಕೀಲಿಯನ್ನು ಒಮ್ಮೆ ಒತ್ತಬೇಕು. ನಮ್ಮ ಬರಹವೂ ಯಂತ್ರದ ತಿದ್ದುಪಡಿಯೂ ಎರಡು ಬೇರೆ ಹೆಜ್ಜೆಗಳಾದುದರಿಂದ, ಎರಡನೆಯದು ಮಾತ್ರ ಹಿಂದೆ ಸರಿದು ಮೊದಲನೆಯದು ಉಳಿಯುತ್ತದೆ. ಈ ಕಾಟ ಶಾಶ್ವತವಾಗಿ ತಪ್ಪಬೇಕಾದರೆ ‘ಫೈಲ್’, ‘ಆಪ್ಷನ್ಸ್’, ‘ಪ್ರೂಫಿಂಗ್’ ಎಂಬ ದಾರಿಯಲ್ಲಿ ‘ಆಟೋಕರೆಕ್ಟ್ ಆಪ್ಷನ್ಸ್’ ತಲುಪಬೇಕು. ಅಲ್ಲಿ ‘ಸಿ’ಯ ನಿಯಮವನ್ನು ಪಟ್ಟಿಯಿಂದ ಅಳಿಸಬಹುದು, ‘ಆಟೋಫಾರ್ಮ್ಯಾಟ್ ಆಸ್ ಯೂ ಟೈಪ್’ ಎಂಬ ಪುಟದಲ್ಲಿ ತಾನಾಗಿ ಅಂಕೆ ಹಾಕುವ ನಿಯಮದ ಮುಂದಿನ ಗುರುತನ್ನು ತೆಗೆಯಬಹುದು. ‘ಲಿಬ್ರೆಆಫೀಸ್’ ಬಳಸುವವರಿಗೆ ಇಂಥ ನಿಯಮಗಳು ‘ಟೂಲ್ಸ್’ ಪಟ್ಟಿಯಲ್ಲಿ ಸಿಗುತ್ತವೆ.

ಇನ್ನೊಂದು ಮಾತು. ಮೂರು ಅಡ್ಡಗೆರೆಗಳನ್ನೊತ್ತಿ ‘ಎಂಟರ್’ ಕೊಟ್ಟಾಗ ಪುಟದುದ್ದಕ್ಕೂ ಬಂದು ನಿಲ್ಲುವ ಗೆರೆಯನ್ನು ಅಕ್ಷರದಂತೆ ಅಳಿಸಹೊರಟು ಸೋತವರು ಹಲವರು. ಅದು ಅಕ್ಷರವಲ್ಲ, ಮೇಲಿನ ಪರಿಚ್ಛೇದದ ಅಂಚು. ಆ ಪರಿಚ್ಛೇದದಲ್ಲಿ ನಿಂತು, ‘ಬಾರ್ಡರ್ಸ್’ ಪಟ್ಟಿಯಿಂದ ‘ನೋ ಬಾರ್ಡರ್’ ಎಂಬುದನ್ನು ಆರಿಸಿದರೆ ಗೆರೆ ಹೋಗುತ್ತದೆ.

ಹಾಗೆಂದು ಎಲ್ಲ ನೆರವನ್ನೂ ತಿರಸ್ಕರಿಸಬೇಕಿಲ್ಲ. ಒಳ್ಳೆಯ ಲಿಪಿಕಾರನಿದ್ದರೂ ಪತ್ರವನ್ನು ಓದಿನೋಡಿದ ಮೇಲೆಯೇ ರುಜು ಹಾಕುವುದು ನಮ್ಮ ಹಿರಿಯರ ವಾಡಿಕೆಯಾಗಿತ್ತು. ಲಿಪಿಕಾರ ಯಂತ್ರವಾದ ಮಾತ್ರಕ್ಕೆ ಆ ವಾಡಿಕೆಯನ್ನು ಬಿಡಲಾಗದು. ಪತ್ರದ ಕೊನೆಯಲ್ಲಿರುವುದು ಇಂದಿಗೂ ನಮ್ಮ ಹೆಸರೇ.